ಮಗಳಿಗೊಂದು ಪತ್ರ: ‘ಮಷೀನ್ ಹೆಡ್’ನ ಆರ್ಗನ್ ಕೇಳು

ಪ್ರೀತಿಯ ಪುಟ್ಟಿ,

ನಿಮ್ಮ ಕಾಲೇಜಿನ ಬ್ಯಾಂಡಿನವರು ಡೀಪ್ ಪರ್ಪಲ್ ಎಂಬ ಇಂಗ್ಲಿಷ್ ರಾಕ್ ತಂಡದ ‘ಸ್ಮೋಕ್ ಆನ್ ದ ವಾಟರ್’ ನುಡಿಸಲಿದ್ದಾರೆ, ಅದರಲ್ಲಿ ಕೀಬೋರ್ಡಿಗೆ ಕೆಲಸವೇ ಇಲ್ಲ ಎನ್ನುತ್ತಾರೆ ಎಂದು ಬರೆದಿದ್ದೀಯ. ಅದನ್ನು ಓದಿದ ಮೇಲೆ ಸುಮ್ಮನಿರಲಾಗಲಿಲ್ಲ. ಆ ಹಾಡಿರುವ 1972ರ ‘ಮಷೀನ್ ಹೆಡ್’ ಆಲ್ಬಮ್ಮನ್ನು ಈ ವಾರವೆಲ್ಲ ಮತ್ತೆ ಕೇಳಿದೆ. ಏಳೇ ಹಾಡುಗಳು. ನಿನ್ನ ಸೋದರಮಾವನ ಕ್ಯಾಸೆಟ್ಟಿನಲ್ಲಿ ಕೇಳುತ್ತಿದ್ದಾಗಲೂ ನನ್ನ ಕಿವಿ ತಂಡದ ಕೀಬೋರ್ಡ್ ವಾದಕ ಜಾನ್ ಲಾರ್ಡ್ ಅವರ ಆರ್ಗನ್ ಕಡೆಗೇ ಹೋಗುತ್ತಿತ್ತು. ಹಾರ್ಮೋನಿಯಂ ಮುಂದೆ ಕೂತು ಬೆಳೆದವಳಿಗೆ ಅದು ಸಹಜ.

‘ಸ್ಮೋಕ್ ಆನ್ ದ ವಾಟರ್’ನ ಮೊದಲ ನಿಮಿಷವನ್ನು ಹೆಡ್‌ಫೋನ್ ಹಾಕಿಕೊಂಡು ಕೇಳು. ಶುರುವಿನಲ್ಲಿ ರಿಚಿ ಬ್ಲ್ಯಾಕ್‌ಮೋರ್ ಅವರ ಗಿಟಾರ್ ಒಂದೇ. ಎರಡೆರಡು ತಂತಿಗಳನ್ನು ಒಟ್ಟಿಗೆ ಬೆರಳಿನಲ್ಲೇ ಮೀಟುತ್ತಾರೆ; ನಿಮ್ಮ ಗಿಟಾರ್ ಹುಡುಗನಿಗೆ ಇದನ್ನು ತಪ್ಪದೇ ಹೇಳು. ಆಮೇಲೆ ಇಯನ್ ಪೇಸ್ ಅವರ ಹೈ-ಹ್ಯಾಟ್ (ಡ್ರಮ್ಸ್‌ನ ಜೋಡಿ ತಾಳ), ಅದರೊಂದಿಗೆ ಅದೇ ರಿಫ್, ಎಂದರೆ ಮರಳಿ ಮರಳಿ ಬರುವ ಸ್ವರಗುಚ್ಛ, ನುಡಿಸುತ್ತ ಆರ್ಗನ್. ನಂತರ ಉಳಿದ ಡ್ರಮ್ಸ್, ಕೊನೆಗೆ ರಾಜರ್ ಗ್ಲೋವರ್ ಅವರ ಬೇಸ್. ಗಿಟಾರಿಗೆ ಇದ್ದಕ್ಕಿದ್ದಂತೆ ಮೈ ತುಂಬಿಕೊಂಡಿತು ಎನ್ನಿಸುತ್ತದಲ್ಲ, ಆ ಮೈ ಲಾರ್ಡ್ ಅವರದು.

ಲಾರ್ಡ್ ನುಡಿಸುತ್ತಿದ್ದ ಹ್ಯಾಮಂಡ್ ಎಂಬ ವಿದ್ಯುತ್ ಆರ್ಗನ್‌ಗೆ ಸಾಮಾನ್ಯವಾಗಿ ಲೆಸ್ಲಿ ಎಂಬ ತಿರುಗುವ ಸ್ಪೀಕರನ್ನು ಜೋಡಿಸುತ್ತಾರೆ. ಲಾರ್ಡ್ ಅದನ್ನು ಗಿಟಾರ್‌ನವರು ಬಳಸುವ ಮಾರ್ಷಲ್ ಆಂಪ್ಲಿಫೈಯರಿಗೆ ಜೋಡಿಸಿದರು. ಚರ್ಚಿನ ವಾದ್ಯ ಗುಡುಗತೊಡಗಿತು. ಅವರು ಪಾಶ್ಚಾತ್ಯ ಶಾಸ್ತ್ರೀಯ ಪಿಯಾನೋ ಕಲಿತವರು. 1969ರಲ್ಲೇ ರಾಕ್ ತಂಡಕ್ಕೂ ಆರ್ಕೆಸ್ಟ್ರಾಗೂ ಸೇರಿಸಿ ಒಂದು ಕಾನ್ಚೆರ್ಟೋ (ಆರ್ಕೆಸ್ಟ್ರಾ ಜೊತೆ ನುಡಿಸುವ ದೊಡ್ಡ ಕೃತಿ) ರಚಿಸಿ ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ ನುಡಿಸಿದ್ದರು. ಈ ಆಲ್ಬಮ್ಮಿನ ‘ಹೈವೇ ಸ್ಟಾರ್’ನಲ್ಲಿ ಗಿಟಾರ್ ಸೋಲೋಗಿಂತ ಮೊದಲು ಬರುವ ಆರ್ಗನ್ ಸೋಲೋ ಕೇಳಿದರೆ ಜರ್ಮನ್ ಶಾಸ್ತ್ರೀಯ ಸಂಗೀತಕಾರ ಬಾಖ್ ಅವರ ಸಂಗೀತದ ನಡೆ ನಿನಗೇ ಕೇಳಿಸುತ್ತದೆ. ಆ ವೇಗದಲ್ಲೂ ಒಂದು ಸ್ವರವೂ ಕಲಸಿಹೋಗುವುದಿಲ್ಲ.

ಆಲ್ಬಮ್ ಹುಟ್ಟಿದ ಕಥೆ ನಿನಗೆ ಅಷ್ಟಿಷ್ಟು ಗೊತ್ತಿರಬಹುದು. ಸ್ವಿಟ್ಜರ್ಲೆಂಡಿನ ಮಾಂಟ್ರೋ ಊರಿನ ಕ್ಯಾಸಿನೋದಲ್ಲಿ ಧ್ವನಿಮುದ್ರಣ ಮಾಡಲೆಂದು ತಂಡ ಹೋಗಿತ್ತು. 1971ರ ಡಿಸೆಂಬರ್ 4ರಂದು ಅಲ್ಲಿ ಅಮೆರಿಕದ ರಾಕ್ ಸಂಗೀತಗಾರ ಫ್ರಾಂಕ್ ಝಪ್ಪಾ ಅವರ ಕಛೇರಿ ನಡೆಯುತ್ತಿದ್ದಾಗ ಪ್ರೇಕ್ಷಕನೊಬ್ಬ ಛಾವಣಿಯತ್ತ ಫ್ಲೇರ್ ಗನ್ (ಉರಿಯುವ ಸಂಕೇತದ ಗುಂಡಿನ ಬಂದೂಕು) ಹಾರಿಸಿದ. ಕಟ್ಟಡ ಸುಟ್ಟುಹೋಯಿತು. ಸಂಘಟಕ ಕ್ಲೋಡ್ ನಾಬ್ಸ್ ಒಳಗಿದ್ದ ಹುಡುಗರನ್ನು ಹೊರಗೆ ಕರೆತಂದರು. ಹಾಡಿನಲ್ಲಿ ಅವರ ಹೆಸರಿದೆ. ಜಿನೀವಾ ಸರೋವರದ ಮೇಲೆ ಹರಡಿದ ಹೊಗೆಯೇ ‘ಸ್ಮೋಕ್ ಆನ್ ದ ವಾಟರ್’, ಎಂದರೆ ನೀರಿನ ಮೇಲಿನ ಹೊಗೆ, ಎಂದು ಹಾಡಿಗೆ ಹೆಸರಾಯಿತು.

ಆಮೇಲೆ ಸೇರಿದ ರಂಗಮಂದಿರದಲ್ಲಿ ಗದ್ದಲವೆಂದು ಅಕ್ಕಪಕ್ಕದವರು ದೂರಿ, ಪೊಲೀಸರು ಬಂದರು. ಕೊನೆಗೆ ಸಿಕ್ಕಿದ್ದು ಚಳಿಗಾಲಕ್ಕೆ ಮುಚ್ಚಿದ್ದ ಗ್ರ್ಯಾಂಡ್ ಹೋಟೆಲ್. ಅದರ ಓಣಿಯಂಥ ಮೊಗಸಾಲೆಯಲ್ಲಿ ಹಾಸಿಗೆಗಳನ್ನು ಒಡ್ಡಿ ಸದ್ದು ತಡೆದು ನುಡಿಸಿದರು. ಧ್ವನಿಮುದ್ರಣ ಯಂತ್ರಗಳು ಹೊರಗೆ ನಿಂತ ರೋಲಿಂಗ್ ಸ್ಟೋನ್ಸ್ ಎಂಬ ಇನ್ನೊಂದು ರಾಕ್ ತಂಡದ ಲಾರಿಯಲ್ಲಿದ್ದವು. ನುಡಿಸಿದ್ದನ್ನು ಕೇಳಬೇಕೆಂದರೆ ಕೋಣೆ, ಬಾಲ್ಕನಿಗಳನ್ನು ಹಾದು ಅಲ್ಲಿಗೆ ಹೋಗಬೇಕು. ಆ ಸುತ್ತಾಟ ಸಾಕಾಗಿ, ಕೇಳುವುದನ್ನೇ ಬಿಟ್ಟು, ತಮಗೆ ಸರಿ ಬಂತು ಎನ್ನಿಸುವವರೆಗೂ ನುಡಿಸಿದರು. ಐವರೂ ಒಬ್ಬರಿಗೊಬ್ಬರು ಕಿವಿಗೊಟ್ಟು ನುಡಿಸಿದ ಬಿಗಿ ಈ ಆಲ್ಬಮ್ಮಿನಲ್ಲಿ ಸಿಗುವುದು ಅದಕ್ಕೇ ಎಂದು ನಾನು ನಂಬುತ್ತೇನೆ.

ಎಲ್ಲ ಹಾಡುಗಳೂ ಒಂದೇ ತೂಕದವಲ್ಲ. ‘ನೆವರ್ ಬಿಫೋರ್’ ಮೊದಲು ಬಿಡುಗಡೆಯಾದ ಸಿಂಗಲ್ (ಬಿಡಿಯಾಗಿ ಹೊರತಂದ ಹಾಡು), ಆದರೂ ನನಗೆ ಅದು ಸಪ್ಪೆ. ಅದೇ ದಿನಗಳಲ್ಲಿ ಮುದ್ರಿಸಿದ ‘ವೆನ್ ಎ ಬ್ಲೈಂಡ್ ಮ್ಯಾನ್ ಕ್ರೈಸ್’ ಎಂಬ ಕರುಳು ಹಿಂಡುವ ಹಾಡನ್ನು ಆಲ್ಬಮ್ಮಿನಿಂದಲೇ ಹೊರಗಿಟ್ಟರು. ಇದು ನನಗೆ ಇಂದಿಗೂ ಸಂಕಟ. ನೀನು ಮನಸ್ಸಿಟ್ಟು ಕೇಳಬೇಕಾದದ್ದು ‘ಲೇಜಿ’. ಆರ್ಗನ್ ಒಂಟಿಯಾಗಿ ಶುರುವಾಗಿ, ಗುರುಗುಟ್ಟಿ, ತಡೆದು ನಿಂತು, ಆಮೇಲೆ ಮಿಕ್ಕವರನ್ನು ಕರೆಯುತ್ತದೆ. ಗಾಯಕ ಇಯನ್ ಗಿಲನ್ ಬಾಯಿ ತೆರೆಯುವುದು ನಾಲ್ಕು ನಿಮಿಷ ಕಳೆದ ಮೇಲೆ.

2024ರಲ್ಲಿ ಈ ಆಲ್ಬಮ್ಮಿನ ಹೊಸ ಮಿಕ್ಸ್ (ಹಳೆಯ ಧ್ವನಿಮುದ್ರಣದ ವಾದ್ಯಗಳನ್ನು ಮತ್ತೆ ಹದವಾಗಿ ಬೆರೆಸಿದ್ದು) ಬಂದಿದೆ. ಅದನ್ನು ಮಾಡಿದವರು ಡ್ವೀಝಿಲ್ ಝಪ್ಪಾ. ಕ್ಯಾಸಿನೋಗೆ ಬೆಂಕಿ ಬಿದ್ದಾಗ ವೇದಿಕೆಯ ಮೇಲಿದ್ದ ಫ್ರಾಂಕ್ ಝಪ್ಪಾ ಅವರ ಮಗ! ಅಪ್ಪನ ವಾದ್ಯಗಳೆಲ್ಲ ಸುಟ್ಟ ಆ ರಾತ್ರಿಯ ಹಾಡನ್ನು ಮಗ ಐವತ್ತು ವರ್ಷ ದಾಟಿದ ಮೇಲೆ ಕೈಗೆತ್ತಿಕೊಂಡ ಎಂದು ತಿಳಿದಾಗ ನನ್ನ ಕಣ್ಣು ತುಂಬಿತು. ಹಳೆಯದನ್ನೂ ಹೊಸದನ್ನೂ ಒಂದರ ಹಿಂದೊಂದು ಕೇಳು, ಯಾವುದು ಹಿಡಿಸಿತು ಹೇಳು.

ನಿನ್ನ ಕೀಬೋರ್ಡಿನಲ್ಲಿ ಆರ್ಗನ್ ಸ್ವರ ಆರಿಸಿಕೊಂಡು ಸ್ವಲ್ಪ ಡಿಸ್ಟಾರ್ಶನ್ (ನಾದವನ್ನು ಒರಟಾಗಿಸುವ ಪರಿಣಾಮ) ಸೇರಿಸು. ಹೈ-ಹ್ಯಾಟ್ ಬಂದ ಕೂಡಲೇ ಗಿಟಾರಿನ ಜೊತೆಗೇ ನುಡಿಸು. ನಿನ್ನ ಗೆಳೆಯರು ಒಮ್ಮೆ ಕೇಳಿದರೆ ಸಾಕು, ಬೇಡ ಎನ್ನಲಾರರು. ಅಭ್ಯಾಸದ ರೆಕಾರ್ಡಿಂಗ್ ಎಷ್ಟೇ ಒರಟಾಗಿದ್ದರೂ ನನಗೆ ಕಳಿಸು.

ನಿನ್ನ,
ಅಮ್ಮ