ಗಾಡಿ ಕೀಲಿ ಬಗ್ಗೆ: ರವಿವಾರದ ಸಭೆ

ಕಾಲೊನಿಯ ಎಲ್ಲರಿಗೂ ಶರಣು ಶರಣಾರ್ಥಿ 🙏

ಈ ರವಿವಾರ ಮುಂಜಾನೆ 8ಕ್ಕೆ ಹನುಮಾನ ಗುಡಿ ಕಟ್ಟೆ ಮೇಲೆ, 18 ತುಂಬದ ಮಕ್ಕಳು ಗಾಡಿ ಓಡಿಸೋದರ ಬಗ್ಗೆ ಸಭೆ ಅದ. ಮನೆಯಾಗ 18 ತುಂಬದ ಮಕ್ಕಳಿರೋರು ತಪ್ಪದೇ ಬರ್ರಿ.

ಹೋದ ವಾರ ಸಂಜೆ ಅಪ್ಪನ ಕೆರೆ ಕಡೆ ಒಂದೇ ಸ್ಕೂಟಿ ಮೇಲೆ ಮೂವರು ಹುಡುಗರು, ಒಬ್ಬರ ತಲೆ ಮೇಲೂ ಹೆಲ್ಮೆಟ್ ಇಲ್ಲ. ಹಿಂದೆ ಕುಂತಿದ್ದವ ನನ್ನ ಮಗ. ಗಾಡಿ ಬೇರೆಯವರದು ಖರೆ, ಆದ್ರ ಅವನು ಎಲ್ಲಿ ಹೋಗ್ಯಾನ ಅಂತ ನಾ ಕೇಳಿರಲಿಲ್ಲ. ಅದು ನನ್ನ ತಪ್ಪು. ಇದನ್ನ ಇಲ್ಲೇ ಎಲ್ಲರ ಮುಂದ ಹೇಳಬೇಕು ಅನ್ನಿಸ್ತು.

ಕಾನೂನು ಏನಂತದ ತಿಳ್ಕೊಳ್ರಿ. 2019ರ ತಿದ್ದುಪಡಿ ಆದ ಮೇಲೆ ಮೋಟಾರು ವಾಹನ ಕಾಯ್ದೆಯ 199ಎ ಕಲಂ ಪ್ರಕಾರ, ಅಪ್ರಾಪ್ತರು ಗಾಡಿ ಓಡಿಸಿ ಅಪರಾಧ ಆದ್ರ ಪಾಲಕರು ಇಲ್ಲವೇ ಗಾಡಿ ಮಾಲೀಕರೇ ಹೊಣೆ. 3 ವರ್ಷದ ತನಕ ಜೈಲು, 25,000 ರೂಪಾಯಿ ದಂಡ, 12 ತಿಂಗಳು ಗಾಡಿ ನೋಂದಣಿ ರದ್ದು. ಆ ಮಗುವಿಗೆ 25 ವರ್ಷ ಆಗೋ ತನಕ ಲೈಸೆನ್ಸ್ ಸಿಗಲ್ಲ. "ನನಗ ಗೊತ್ತಿರಲಿಲ್ಲ" ಅಂದ್ರ ಅದನ್ನ ಕೋರ್ಟಿನಾಗ ನಾವೇ ಸಾಬೀತು ಮಾಡಬೇಕು.

ದಂಡಕ್ಕಿಂತ ನನಗ ಹೆದರಿಕೆ ಆಗೋದು ದಾರಿಯಲ್ಲಿ ಹೋಗೋ ಮುದುಕರು, ಸಣ್ಣ ಕೂಸುಗಳ ಬಗ್ಗೆ.

ಸಭೆ ತನಕ ಇಷ್ಟು ಮಾಡ್ರಿ: ಕೀಲಿ ಮೊಳೆಗೆ ತೂಗು ಹಾಕೋದು ಬಿಟ್ಟು ನಿಮ್ಮ ಹತ್ರ ಇಟ್ಕೊಳ್ರಿ. ಬೇರೆಯವರ ಮಕ್ಕಳು ಓಡಿಸೋದು ಕಂಡ್ರ ಫೋಟೊ ಗ್ರೂಪಿಗೆ ಹಾಕಬ್ಯಾಡ್ರಿ, ಅವರ ಮನೆಗೇ ಫೋನ್ ಮಾಡ್ರಿ. ಟ್ಯೂಷನ್‌ಗೆ ಸರದಿ ಮೇಲೆ ಬಿಟ್ಟು ಬರೋಕೆ ತಯಾರಿರೋರು ಹೆಸರು, ವೇಳೆ ಬರೀರಿ. ಸೂಪರ್ ಮಾರ್ಕೆಟ್ ಕಡೆ ಸೋಮವಾರ, ಬುಧವಾರ ನಾ ಬಿಡ್ತೀನಿ.

ಬರೋರು ಶನಿವಾರ ರಾತ್ರಿ ಒಳಗ "ಬರ್ತೀನಿ" ಅಂತ ಹಾಕ್ರಿ.