502 ಎಂದರೆ ಏನೆಂದು ಮೊದಲೇ ಹೇಳಬಾರದಿತ್ತೇ?

ಮಾನ್ಯ ಸಂಪಾದಕರೇ,

ನಾಪೋಕ್ಲು ಸಮೀಪ ಕಾಫಿ ಬೆಳೆಯುವ ನಾನು, ಮನೆಯಲ್ಲೇ ಬೀಜ ಹುರಿಯುವವರ ಹಳೆಯ ಚರ್ಚೆಗಳನ್ನು ಓದಲು ಯೂಸ್‌ನೆಟ್ ಎಂಬ ಅಂತರ್ಜಾಲ ಚರ್ಚಾ ವ್ಯವಸ್ಥೆಯ ‘ಆಲ್ಟ್.ಕಾಫಿ’ ಗುಂಪನ್ನು ಬಳಸುತ್ತೇನೆ. 1979ರಲ್ಲಿ ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದ ಟಾಮ್ ಟ್ರಸ್ಕಾಟ್ ಮತ್ತು ಜಿಮ್ ಎಲ್ಲಿಸ್ ರೂಪಿಸಿದ ಈ ವ್ಯವಸ್ಥೆಗೆ ಒಬ್ಬ ಒಡೆಯನಿಲ್ಲ. ಒಂದು ಸರ್ವರ್‌ಗೆ ಬಂದ ಬರಹ ಅಲ್ಲಿಂದ ಉಳಿದ ಸರ್ವರ್‌ಗಳಿಗೆ ಹರಡುತ್ತದೆ. 2024ರ ಫೆಬ್ರವರಿ 22ರಿಂದ ಗೂಗಲ್ ಗ್ರೂಪ್ಸ್ ತಾಣವು ಯೂಸ್‌ನೆಟ್‌ನ ಹೊಸ ಬರಹಗಳನ್ನು ತೋರಿಸುವುದನ್ನು ನಿಲ್ಲಿಸಿದಾಗ ಯೂಸ್‌ನೆಟ್ಟೇ ಮುಚ್ಚಿತೆಂದು ಭಾವಿಸಿದವರುಂಟು, ಆದರೆ ಥಂಡರ್‌ಬರ್ಡ್‌ನಂತಹ ತಂತ್ರಾಂಶದ ಮೂಲಕ ಅದನ್ನು ಇಂದಿಗೂ ಓದಬಹುದು. ಬರೀ ಅಕ್ಷರಗಳ ಬರಹವಾದ್ದರಿಂದ ಕರೆಂಟು ಇರುವ ಅರ್ಧ ಗಂಟೆಯಲ್ಲಿ ಇಳಿಸಿಕೊಂಡು, ಹೋದ ಮೇಲೆ ಲ್ಯಾಪ್‌ಟಾಪಿನ ಬ್ಯಾಟರಿಯಲ್ಲಿ ನಿಧಾನವಾಗಿ ಓದಲು ಸಾಧ್ಯ; ನಮ್ಮ ಮಳೆಗಾಲಕ್ಕೆ ಇದಕ್ಕಿಂತ ಹೊಂದುವ ಏರ್ಪಾಡು ನನಗೆ ಸಿಕ್ಕಿಲ್ಲ.

ಕಳೆದ ಜುಲೈನಲ್ಲಿ ಮರದ ಕೊಂಬೆ ತಂತಿಯ ಮೇಲೆ ಬಿದ್ದು ದಿನಕ್ಕೆ ಐದಾರು ಬಾರಿ ಕರೆಂಟು ಹೋಗಿ ಬರುತ್ತಿದ್ದಾಗ, ಪ್ರತಿ ಬಾರಿ ರೌಟರ್ ಮತ್ತೆ ಹೊತ್ತಿಕೊಂಡ ಕೂಡಲೇ ಪರದೆಯ ಮೇಲೆ ‘502’ ಎಂಬ ಸಂಖ್ಯೆ ಕಾಣಿಸಿಕೊಂಡು ಸಂಪರ್ಕ ನಿರಾಕರಣೆಯಾಗುತ್ತಿತ್ತು. ಯೂಸ್‌ನೆಟ್ ಓದಲು ಹಣ ಕಟ್ಟಿ ಪಡೆದ ಸೇವೆಯ ಸಹಾಯವಾಣಿಗೆ ಮೂರು ಬಾರಿ ಕರೆ ಮಾಡಿದೆ. ಎರಡು ಬಾರಿ ‘ನಿಮ್ಮ ಇಂಟರ್‌ನೆಟ್ ಸರಿಯಿಲ್ಲ’ ಎಂದರು, ಮೂರನೆಯ ಬಾರಿ ಹೆಚ್ಚಿನ ದರದ ಚಂದಾ ಪಡೆಯಲು ಹೇಳಿದರು. ಹಣ ಕಟ್ಟಿದೆ, ತೊಂದರೆ ಹಾಗೆಯೇ ಉಳಿಯಿತು.

ಕಾರಣ ತಿಳಿದದ್ದು ನಾನೇ ಕುಳಿತು ಸೆಟ್ಟಿಂಗ್ ನೋಡಿದಾಗ. ಹಳೆಯ ಬರಹಗಳನ್ನು ಬೇಗ ಇಳಿಸಲೆಂದು ಸರ್ವರ್ ಜೊತೆ ಏಕಕಾಲಕ್ಕೆ ತೆರೆಯುವ ಸಂಪರ್ಕಗಳನ್ನು 20ಕ್ಕೆ ಇಟ್ಟಿದ್ದೆ, ನನ್ನ ಚಂದಾದ ಮಿತಿಯೂ ಅಷ್ಟೇ ಆಗಿತ್ತು. ರೌಟರ್ ಹಠಾತ್ತಾಗಿ ಆರಿದಾಗ ಆ ಸಂಪರ್ಕಗಳು ಮುಗಿದವೆಂದು ಸರ್ವರ್‌ಗೆ ತಿಳಿಯುವುದಿಲ್ಲ. ಕೆಲವು ನಿಮಿಷ ಅವುಗಳನ್ನು ಇನ್ನೂ ಜೀವಂತವೆಂದೇ ಲೆಕ್ಕ ಹಾಕಿ, ಹೊಸದಾಗಿ ಬಂದವನ್ನು ಮಿತಿ ಮೀರಿದವೆಂದು ತಿರಸ್ಕರಿಸುತ್ತದೆ. ಸಂಪರ್ಕಗಳ ಸಂಖ್ಯೆಯನ್ನು 8ಕ್ಕೆ ಇಳಿಸಿದೆ. ಅಂದಿನಿಂದ ಒಮ್ಮೆಯೂ ಆ ಸಂದೇಶ ಬಂದಿಲ್ಲ, ಹೆಚ್ಚಿನ ಚಂದಾ ಮಾತ್ರ ಇಂದಿಗೂ ಕಟ್ಟುತ್ತಿದ್ದೇನೆ.

ಇಂತಹ ಮೂರಂಕಿಯ ಉತ್ತರಗಳಿಗೆ ಅರ್ಥವಿದೆ. 481 ಬಂದರೆ ಬಳಕೆದಾರ ಹೆಸರು ಅಥವಾ ಗುಪ್ತಪದ ತಪ್ಪಾಗಿದೆ. ಜಾಲತಾಣಕ್ಕೆ ಪ್ರವೇಶಿಸುವ ಇ-ಮೇಲ್ ವಿಳಾಸವನ್ನೇ ಇಲ್ಲಿ ಹಾಕಿ ಎಡವುವವರು ಬಹಳ. 430 ಬಂದರೆ ಆ ಬರಹ ಆ ಸರ್ವರ್‌ನಲ್ಲಿ ಇಲ್ಲ, ಎಷ್ಟು ಬಾರಿ ಒತ್ತಿದರೂ ಬಾರದು. ಯಾವ ಸಂಖ್ಯೆಯೂ ಬಾರದೆ ಸುಮ್ಮನೆ ಕಾಯಿಸಿದರೆ 119ನೇ ಪೋರ್ಟಿಗೆ, ಅಂದರೆ ಸರ್ವರ್‌ನ ಆ ಸಂಖ್ಯೆಯ ಸಂಪರ್ಕ ದ್ವಾರಕ್ಕೆ, ತಡೆ ಇರಬಹುದು. ಗೂಢಲಿಪಿಯ 563ನೇ ಪೋರ್ಟನ್ನು ಪ್ರಯತ್ನಿಸಿ ನೋಡಬೇಕು.

ಚಂದಾ ಪಡೆಯುವ ಕಂಪನಿಗಳು ಗ್ರಾಹಕರಿಗೆ ಈ ಸಂಖ್ಯೆಗಳ ಅರ್ಥವನ್ನು ಕನ್ನಡದಲ್ಲಿ ಒಂದು ಪುಟದಷ್ಟಾದರೂ ಬರೆದು ಕೊಡಬೇಕು, ಸಹಾಯವಾಣಿಯವರು ಬೇರೇನನ್ನೂ ಕೇಳುವ ಮೊದಲು ಪರದೆಯ ಮೇಲಿನ ಸಂಖ್ಯೆಯನ್ನು ಕೇಳಬೇಕು. ತಮ್ಮ ಪತ್ರಿಕೆಯ ತಂತ್ರಜ್ಞಾನ ಪುಟದಲ್ಲಿಯೂ ಈ ಮಳೆಗಾಲಕ್ಕೆ ಮುನ್ನ ಇಂತಹ ಒಂದು ಪಟ್ಟಿಯನ್ನು ಪ್ರಕಟಿಸಬೇಕೆಂದು ವಿನಂತಿಸುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ಕಾಫಿ ಬೆಳೆಗಾರ
ನಾಪೋಕ್ಲು, ಕೊಡಗು