ಮಗಳಿಗೊಂದು ಪತ್ರ: ಕೊಣಾಜೆ ಬಸ್ಸಿನಲ್ಲಿ ಓದು

ಬ್ರಹ್ಮಾವರ
ಆಟಿ ತಿಂಗಳು, ಭಾನುವಾರ ರಾತ್ರಿ

ಪ್ರೀತಿಯ ಮಗಳೇ,

ಮಂಗಳೂರು ವಿವಿಗೆ ಪಿಎಚ್‌ಡಿ ಮಾಡಲು ಹೊರಟ ನಿನ್ನ ಚೀಲ ಕಟ್ಟಿ ಆಯ್ತು. ಮಿಡಿ ಉಪ್ಪಿನಕಾಯಿಯ ಬಾಟಲಿಗೆ ಎರಡು ಪ್ಲಾಸ್ಟಿಕ್ ಸುತ್ತಿದ್ದೇನೆ, ಬಟ್ಟೆಯ ಪಕ್ಕ ಇಡಬೇಡ. ನೀನು ಮಲಗಿದ್ದೀಯ. ಹೊರಗೆ ಮಳೆ ಬಿಡುವ ಹಾಗೆ ಕಾಣುವುದಿಲ್ಲ. ಬಾಯಲ್ಲಿ ಹೇಳಲು ಹೋದರೆ ನಡುವೆ ಗಂಟಲು ಕಟ್ಟುತ್ತದೆ, ಅದಕ್ಕೆ ಬರೆಯುತ್ತಿದ್ದೇನೆ. ನಾಳೆ ಮಂಗಳೂರಿನ ಸ್ಟೇಟ್‌ಬ್ಯಾಂಕ್ ಬಸ್ ಸ್ಟ್ಯಾಂಡಿನಲ್ಲಿ ಕೊಣಾಜೆ ಬಸ್ ಹತ್ತಿದ ಮೇಲೆ ಓದು. ನೇತ್ರಾವತಿ ಸೇತುವೆ ದಾಟಿ, ತೊಕ್ಕೊಟ್ಟು, ದೇರಳಕಟ್ಟೆ ಕಳೆದು ಕೊಣಾಜೆ ಗುಡ್ಡದ ಮೇಲಿನ ವಿವಿ ಮುಟ್ಟುವಷ್ಟರಲ್ಲಿ ಮುಗಿಯುತ್ತದೆ.

ಮೊನ್ನೆ ಚಿಕ್ಕಮ್ಮ ಕೇಳಿದಳಲ್ಲ, "ಕೊಣಾಜೆ ಅಂದ್ರೆ ರಿಸಲ್ಟ್ ಕೊಡುವ ಆಫೀಸ್ ಅಲ್ವಾ? ಅಲ್ಲಿ ಐದು ವರ್ಷ ಕೂತು ಏನು ಮಾಡ್ತಾಳೆ?" ಅಂತ. ನೀನು ಸುಮ್ಮನಾದೆ. ನನಗೂ ಆಗ ಉತ್ತರ ಹೊಳೆಯಲಿಲ್ಲ. ಅವಳನ್ನು ತಪ್ಪು ಎನ್ನಲಾರೆ. ನಮ್ಮ ಎರಡು ಜಿಲ್ಲೆಯ ಹೆಚ್ಚಿನ ಮನೆಗಳಿಗೆ ಮಂಗಳೂರು ವಿವಿ ಬರುವುದೇ ಮಾರ್ಕ್ಸ್ ಕಾರ್ಡಿನ ರೂಪದಲ್ಲಿ. ಡಿಗ್ರಿ ಕಾಲೇಜುಗಳು ಅದಕ್ಕೆ ಸೇರಿರುತ್ತವೆ. ಪಠ್ಯ ಅದು ಗೊತ್ತು ಮಾಡುತ್ತದೆ, ಪರೀಕ್ಷೆ ಅದು ನಡೆಸುತ್ತದೆ, ಪದವಿ ಅದು ಕೊಡುತ್ತದೆ. ಆದರೆ ಅದು ಅರ್ಧ ಮಾತ್ರ. ಉಳಿದ ಅರ್ಧವನ್ನು ನೀನು ಕಳೆದ ತಿಂಗಳು ಹೆಬ್ರಿ ಹತ್ತಿರದ ತೋಡಿನಲ್ಲಿ ನನಗೆ ತೋರಿಸಿದೆ.

ನೆನಪಿದೆಯಾ? ಸೀತಾನದಿಯ ಕಡೆಗೆ ಹರಿಯುವ ಆ ಸಣ್ಣ ತೋಡು. ಬಂಡೆಯ ಸಂದಿಯಲ್ಲಿ ನಿಂತ ಹಳದಿ ನೊರೆ. ಯಾರೋ ಮೇಲೆ ಬಟ್ಟೆ ಒಗೆದಿರಬೇಕು ಅಂದುಕೊಂಡೆ ನಾನು. ನೀನು ಸ್ಟೀಲ್ ಚಮಚದಲ್ಲಿ ಆ ನೊರೆ ತೆಗೆದು ಸಣ್ಣ ಬಾಟಲಿಗೆ ಹಾಕಿದೆ. ಬೀಜಕಣ ಮೊಳೆಯುವ ಮೊದಲು ನೋಡಬೇಕು ಅಂತ ಅವಸರ ಮಾಡಿ ನಮ್ಮ ಶಾಲೆಯ ಲ್ಯಾಬ್ ತೆಗೆಸಿದೆ. ಸೂಕ್ಷ್ಮದರ್ಶಕದಲ್ಲಿ ನಾನು ಕಣ್ಣಿಟ್ಟಾಗ ಮೊದಲು ಬರೀ ಗುಳ್ಳೆ, ಕಸ. ನೀನು ಗಾಜನ್ನು ಒಂದು ಕೂದಲಷ್ಟು ಸರಿಸಿದೆ. ಆಮೇಲೆ ಕಂಡಿತು. ಗಾಜಿನ ಹಾಗೆ ತಿಳಿಯಾದ, ನಾಲ್ಕು ಕೈಯ ಒಂದು ಪುಟ್ಟ ಆಕಾರ, ನೆಗ್ಗಿಲ ಮುಳ್ಳಿನ ಹಾಗೆ. ಇಪ್ಪತ್ತೆರಡು ವರ್ಷ ವಿಜ್ಞಾನ ಪಾಠ ಮಾಡಿದ್ದೇನೆ, ಅದನ್ನು ನಾನು ನೋಡಿಯೇ ಇರಲಿಲ್ಲ.

ನೀರಿನ ಶಿಲೀಂಧ್ರ ಅಂದೆ ನೀನು. ನೀರು ಎಷ್ಟು ಜೋರಾಗಿ ಹರಿದರೂ ಆ ನಾಲ್ಕು ಕೈ ಬಿದ್ದ ಎಲೆಯನ್ನು ಹಿಡಿದುಕೊಳ್ಳುತ್ತದೆ. ಎಲೆಯನ್ನು ಮೆತ್ತಗೆ ಮಾಡುತ್ತದೆ. ಆಮೇಲೆ ನೀರಿನ ಹುಳುಗಳು ಆ ಎಲೆ ತಿನ್ನುತ್ತವೆ, ಹುಳುವನ್ನು ಮೀನು ತಿನ್ನುತ್ತದೆ. ಇಂಗೋಲ್ಡ್ ಎಂಬವರು 1942ರಲ್ಲಿ ಇಂಗ್ಲೆಂಡಿನ ತೊರೆಯಲ್ಲಿ ಕಂಡ ಇವುಗಳ ಬಗ್ಗೆ ಬರೆದರು. ನಮ್ಮ ಪಶ್ಚಿಮ ಘಟ್ಟದ ತೊರೆಗಳಲ್ಲಿ ಎಂಥೆಂಥವು ಇವೆ ಎಂದು ಹತ್ತಾರು ವರ್ಷ ಕೂತು ಹುಡುಕಿದವರು ಕೊಣಾಜೆಯವರು. ಚಮಚ, ಬಾಟಲಿ, ಮಳೆಯಲ್ಲಿ ನೆನೆದ ನೋಟ್‌ಬುಕ್. ಈ ಶಿಲೀಂಧ್ರವನ್ನು ಕೊಳ್ಳುವವರು ಯಾರೂ ಇಲ್ಲ ಮಗಳೇ. ಹಾಗಾಗಿ ಇದಕ್ಕೆ ದುಡ್ಡು ಹಾಕುವ ಕಂಪನಿ ಸಿಗುವುದು ಕಷ್ಟ. ಜನರ ತೆರಿಗೆಯಿಂದ ನಡೆಯುವ ವಿವಿ ಬೇಕಾಗುವುದು ಇಂಥದ್ದಕ್ಕೇ. ಇನ್ನೊಮ್ಮೆ ಚಿಕ್ಕಮ್ಮ ಕೇಳಿದರೆ ಇದನ್ನೇ ಹೇಳುತ್ತೇನೆ.

ಅಲ್ಲಿ ಇನ್ನೂ ಏನೇನೋ ಇದೆ. ಇಂದೋರಿನ ವಿಜ್ಞಾನಿಗಳ ಜೊತೆ ಸೇರಿ ಮಾಡಿದ ಮೈಕ್ರೋಟ್ರಾನ್ ಇದೆ, ಎಲೆಕ್ಟ್ರಾನ್‌ಗಳನ್ನು ಹೆಚ್ಚುಕಡಿಮೆ ಬೆಳಕಿನ ವೇಗಕ್ಕೆ ಓಡಿಸುವ ಯಂತ್ರ. ಕೈಗಾ ಅಣುಸ್ಥಾವರದ ಸುತ್ತ ಮಣ್ಣು, ನೀರಿನಲ್ಲಿ ವಿಕಿರಣ ಎಷ್ಟಿದೆ ಎಂದು ಅಳೆದವರಲ್ಲಿ ಅಲ್ಲಿನ ಭೌತಶಾಸ್ತ್ರದವರೂ ಇದ್ದಾರೆ. ಗದ್ದೆಯಲ್ಲಿ ನೇಜಿ ನೆಡುತ್ತಾ ಹೆಂಗಸರು ಹೇಳುವ ತುಳು ಹಾಡುಗತೆ ಪಾಡ್ದನವನ್ನು ದೊಡ್ಡ ಸಂಶೋಧನೆಯ ವಿಷಯವಾಗಿ ನೋಡಲು ಬಿ.ಎ. ವಿವೇಕ ರೈ ಅವರಂಥವರು ಕಲಿಸಿದರು, ಅವರೂ ಅಲ್ಲಿನ ಕನ್ನಡ ವಿಭಾಗದವರೇ. ಈಗ ತುಳುವಿನಲ್ಲಿ, ಕೊಂಕಣಿಯಲ್ಲಿ ಎಂ.ಎ. ಕೂಡ ಬಂದಿದೆ. ಬಿಡುವಿದ್ದಾಗ ಬೇರೆ ವಿಭಾಗಗಳಿಗೂ ಹೋಗಿ ಕೂರು.

ಈ ಗುಡ್ಡ ಸುಮ್ನೆ ವಿವಿ ಆದದ್ದಲ್ಲ. ಮೊದಲು ಮೈಸೂರು ವಿವಿಯ ಸ್ನಾತಕೋತ್ತರ ಕೇಂದ್ರ ಇತ್ತು, 1968ರಿಂದ. ಮೈಸೂರಿನ ಕ್ಯಾಂಪಸ್ಸಿನ ಹೆಸರು ಮಾನಸಗಂಗೋತ್ರಿ, ನಮ್ಮದು ಮಂಗಳಗಂಗೋತ್ರಿ. 1980ರ ಸೆಪ್ಟೆಂಬರ್ 10ಕ್ಕೆ ಸ್ವಂತ ವಿಶ್ವವಿದ್ಯಾನಿಲಯವಾಯಿತು. ಆಗ ಕೊಡಗೂ ಸೇರಿತ್ತು. 2023ರಲ್ಲಿ ಕೊಡಗಿಗೆ ಬೇರೆ ವಿವಿ ಆಯಿತು. ಈ ಗುಡ್ಡದಲ್ಲಿ ಏನೂ ಇಲ್ಲದ ಕಾಲದಲ್ಲಿ ಹೆಚ್ಚು ಓದಬೇಕಾದರೆ ಕರಾವಳಿಯ ಮಕ್ಕಳು ಘಟ್ಟ ಹತ್ತಬೇಕಿತ್ತು. ಗಂಡುಮಕ್ಕಳನ್ನು ಕಳಿಸಿದ ಎಷ್ಟೋ ಮನೆಗಳು ಹೆಣ್ಣುಮಕ್ಕಳನ್ನು ಕಳಿಸಲಿಲ್ಲ.

ನಾನು ಘಟ್ಟ ಹತ್ತಿದವಳು. ಆ ಕತೆ ನಿನಗೆ ಪೂರ್ತಿ ಹೇಳಿಲ್ಲ.

ನನಗೂ ಪಿಎಚ್‌ಡಿ ಆಸೆ ಇತ್ತು. ಬೇಕಾದ ಗೈಡ್ ಸಿಕ್ಕಿದ್ದು ಮೇಲಿನ ಊರಿನಲ್ಲಿ. ಯಾವ ವಿವಿ ಅಂತ ಬೇಡ. ಗದ್ದೆಯ ಏಡಿಗಳ ಮೇಲೆ ಎರಡು ವರ್ಷ ಕೆಲಸ ಮಾಡಿದೆ. ಅಟ್ಟದ ಮೇಲಿನ ಟ್ರಂಕಿನಲ್ಲಿ ಇರುವ ಆ ಏಳು ನೋಟ್‌ಬುಕ್ ಅದರದ್ದೇ. ಮೂರನೇ ವರ್ಷ ಫೆಲೋಶಿಪ್ ಹಣ ನಿಂತಿತು. ಹನ್ನೊಂದು ತಿಂಗಳು. ಗುಮಾಸ್ತರು ಬರುತ್ತದೆ ಅಂದರು, ನಾನು ಕಾದೆ. ಫೈಲ್ ಯಾರ ಮೇಜಿನಲ್ಲಿದೆ, ಯಾರ ಸಹಿ ಬಾಕಿ ಇದೆ ಎಂದು ಕೇಳಬಹುದು ಅಂತಲೇ ನನಗೆ ಗೊತ್ತಿರಲಿಲ್ಲ. ಅಲ್ಲಿನವರೆಲ್ಲ ದೊಡ್ಡವರು, ನಾನು ಅವರ ದಯೆಯಲ್ಲಿ ಇರುವವಳು ಅಂದುಕೊಂಡಿದ್ದೆ. ಕೊನೆಗೆ ಶಾಲೆಯ ಕೆಲಸ ಸಿಕ್ಕಿತು, ಬಂದುಬಿಟ್ಟೆ. ಕೆಲಸದ ಬಗ್ಗೆ ಬೇಸರ ಇಲ್ಲ. ಕೇಳದೆ ಬಂದದ್ದರ ಬಗ್ಗೆ ಈಗಲೂ ಇದೆ.

ಅದಕ್ಕೇ ಹೇಳುತ್ತೇನೆ, ವಿವಿ ಹೇಗೆ ನಡೆಯುತ್ತದೆ ಎಂದು ಮೊದಲ ವಾರವೇ ತಿಳಿದುಕೋ. ರಾಜ್ಯಪಾಲರು ಕುಲಾಧಿಪತಿ. ಅವರು ನೇಮಿಸುವ ಕುಲಪತಿಯ ಅವಧಿ ನಾಲ್ಕು ವರ್ಷ. ಅವರನ್ನು ನೀನು ಘಟಿಕೋತ್ಸವದಲ್ಲಿ ನೋಡಿದರೆ ಸಾಕು. ನಿನಗೆ ಜಾಸ್ತಿ ಬೇಕಾಗುವವರು ಕುಲಸಚಿವರು, ಪರೀಕ್ಷಾಂಗ ಕುಲಸಚಿವರು, ಹಣಕಾಸು ಅಧಿಕಾರಿ. ಈ ಮೂರು ಕಚೇರಿಯಲ್ಲಿ ನಿನ್ನ ಕಾಗದಗಳು ಓಡಾಡುತ್ತವೆ. ಓದಿನ ವಿಷಯ ತೀರ್ಮಾನ ಮಾಡುವುದು ಅಕಾಡೆಮಿಕ್ ಕೌನ್ಸಿಲ್. ಆಡಳಿತ, ದುಡ್ಡಿನ ದೊಡ್ಡ ತೀರ್ಮಾನ ಸಿಂಡಿಕೇಟಿನದು. ಇದೆಲ್ಲ 2000ದ ರಾಜ್ಯ ವಿಶ್ವವಿದ್ಯಾನಿಲಯಗಳ ಕಾಯ್ದೆಯಲ್ಲಿದೆ. ಒಮ್ಮೆ ಓದು, ಬೋರ್ ಆದರೂ ಓದು.

ನಿನ್ನ ಜೆಆರ್‌ಎಫ್, ಅಂದರೆ ಜೂನಿಯರ್ ರಿಸರ್ಚ್ ಫೆಲೋಶಿಪ್ ಹಣ ತಿಂಗಳಿಗೆ 37,000 ರೂಪಾಯಿ. ಅದು ನೇರ ನಿನ್ನ ಖಾತೆಗೆ ಬರುತ್ತದೆ, ಆದರೆ ನೀನು ಕೆಲಸ ಮಾಡುತ್ತಿದ್ದೀಯ ಎಂದು ವಿವಿ ಪ್ರತಿ ತಿಂಗಳು ಆನ್‌ಲೈನ್‌ನಲ್ಲಿ ಒಪ್ಪಬೇಕು. ಆ ಬಟನ್ ಒತ್ತುವವರು ಯಾರು ಎಂದು ಕೇಳಿ ಇಟ್ಟುಕೋ. ಒಂದು ತಿಂಗಳು ತಪ್ಪಿದರೆ ಅದೇ ವಾರ ಹೋಗು. ಬರವಣಿಗೆಯಲ್ಲಿ ಕೊಡು, ಪ್ರತಿಗೆ ಸೀಲು ಹಾಕಿಸಿಕೋ. ಉತ್ತರವೇ ಬರದಿದ್ದರೆ ಮಾಹಿತಿ ಹಕ್ಕಿನ ಅರ್ಜಿ ಇದೆ, 30 ದಿನದಲ್ಲಿ ಹೇಳಬೇಕು. ಸಿಟ್ಟು ಮಾಡಬೇಡ. ಕೌಂಟರಿನ ಆಚೆ ಇರುವವರೂ ಮೂರು ಜನರ ಕೆಲಸ ಒಬ್ಬರೇ ಮಾಡುತ್ತಿರುತ್ತಾರೆ.

ಅದು ನಿಜವಾದ ಕಷ್ಟ. ನಮ್ಮ ರಾಜ್ಯದ ಸರಕಾರಿ ವಿವಿಗಳಲ್ಲಿ ಎಷ್ಟೋ ಖಾಯಂ ಹುದ್ದೆ ಖಾಲಿ ಇವೆ. ಪಾಠ ಅತಿಥಿ ಉಪನ್ಯಾಸಕರ ಮೇಲೆ ನಿಂತಿದೆ. ಖಾಯಂ ನೌಕರರ ಸಂಬಳ ಸರಕಾರದ್ದು. ಸಂಶೋಧನೆಯ ಹಣ ದೆಹಲಿಯ ಇಲಾಖೆಗಳಿಂದ ಪ್ರಾಜೆಕ್ಟ್ ರೂಪದಲ್ಲಿ ಬರಬೇಕು. ಉಳಿದದ್ದಕ್ಕೆ ಪರೀಕ್ಷಾ ಶುಲ್ಕ, ಕಾಲೇಜುಗಳ ಶುಲ್ಕ. ದೊಡ್ಡ ಕಾಲೇಜುಗಳು ಸ್ವಾಯತ್ತ ಆದ ಹಾಗೆ, ಕೆಲವು ತಾವೇ ವಿವಿ ಆದ ಹಾಗೆ, ಆ ಹಣ ಕಡಿಮೆಯಾಗುತ್ತದೆ. ಲ್ಯಾಬಿಗೆ ರಾಸಾಯನಿಕ ಬರುವುದು ತಡವಾದರೆ ಕಾರಣ ನಿನ್ನ ಗೈಡ್ ಅಲ್ಲದೆಯೂ ಇರಬಹುದು.

ಗೈಡ್ ಹತ್ತಿರ ಮಾತ್ರ ಹೆದರಬೇಡ. ಒಬ್ಬ ಪ್ರಾಧ್ಯಾಪಕರಿಗೆ ಎಂಟು ವಿದ್ಯಾರ್ಥಿಗಳವರೆಗೆ ಇರಬಹುದು, ನೀನು ಹೋಗಿ ಕೇಳದಿದ್ದರೆ ನಿನ್ನ ನೆನಪು ಎಲ್ಲಿ ಬರುತ್ತದೆ? ಪ್ರತಿ ಸೆಮಿಸ್ಟರ್ ಸಲಹಾ ಸಮಿತಿಯ ಮುಂದೆ ಕೆಲಸ ತೋರಿಸಬೇಕು. ಆಗದ ಪ್ರಯೋಗವನ್ನೂ ತೋರಿಸು. ಪಿಎಚ್‌ಡಿಗೆ ಕಡಿಮೆ ಅಂದರೆ ಮೂರು ವರ್ಷ, ಜಾಸ್ತಿ ಅಂದರೆ ಆರು. ಹೆಣ್ಣುಮಕ್ಕಳಿಗೆ ಇನ್ನೂ ಎರಡು ವರ್ಷ ಸಿಗುತ್ತದೆ, 240 ದಿನದವರೆಗೆ ಹೆರಿಗೆ ರಜೆಯೂ ಇದೆ. ನನ್ನ ಕಾಲದಲ್ಲಿ ಇಂಥದ್ದನ್ನು ನನಗೆ ಹೇಳಿದವರೇ ಇಲ್ಲ. ಕೊನೆಗೆ ನಿನ್ನ ಪ್ರಬಂಧವನ್ನು ಹೊರಗಿನ ಇಬ್ಬರು ಓದುತ್ತಾರೆ. ಆಮೇಲೆ ಎಲ್ಲರ ಮುಂದೆ ವೈವಾ. ಅದು ಮುಚ್ಚಿದ ಬಾಗಿಲಿನದ್ದಲ್ಲ, ಅದಕ್ಕೆ ನಾನೂ ಬಂದು ಹಿಂದಿನ ಬೆಂಚಿನಲ್ಲಿ ಕೂರುತ್ತೇನೆ. ಆಮೇಲೆ ಪ್ರಬಂಧ ಶೋಧಗಂಗಾ ಎಂಬ ಆನ್‌ಲೈನ್ ಭಂಡಾರದಲ್ಲಿ ಸೇರುತ್ತದೆ, ಯಾರು ಬೇಕಾದರೂ ದುಡ್ಡು ಕೊಡದೆ ಓದಬಹುದು. ಚಿಕ್ಕಮ್ಮನೂ.

ಕೊಡೆ ಬಾಗಿಲ ಹಿಂದೆ ಇದೆ. ಹಾಸ್ಟೆಲ್ ಕೋಣೆಯಲ್ಲಿ ಈ ಮಳೆಗೆ ಬಟ್ಟೆ ಒಣಗುವುದಿಲ್ಲ, ಹಗ್ಗ ಮತ್ತು ಕ್ಲಿಪ್ ಹಾಕಿದ್ದೇನೆ.

ಚೌತಿಗೆ ಬರುವಾಗ ಆ ನಾಲ್ಕು ಕೈಯದ್ದರ ಒಂದು ಸ್ಲೈಡ್ ಮಾಡಿ ತಾ. ಬಣ್ಣ ಹಾಕಿ, ಕೆಡದ ಹಾಗೆ. ಒಂಬತ್ತನೇ ಕ್ಲಾಸಿನ ಮಕ್ಕಳಿಗೆ ಈಗಾಗಲೇ ಹೇಳಿಬಿಟ್ಟಿದ್ದೇನೆ.

ನಿನ್ನ ಅಮ್ಮ